ಕಣಿವೆ ತೊರೆದ ಹಿಮಕ್ಕೆ

ಸ್ವಾಲ್ಬಾರ್ಡ್‌ನ ಕಣಿವೆಗಳಿಂದ ಮರೆಯಾದ ಹಿಮವೇ,

ನೀನು ಕರಗಿದ್ದನ್ನು ಇಷ್ಟು ಕಾಲ ನಾವು ಸಮುದ್ರಮಟ್ಟದ ಏರಿಕೆಯ ಲೆಕ್ಕದಲ್ಲೇ ನೋಡುತ್ತಾ ಬಂದೆವು. ನೀನಿದ್ದಷ್ಟು ದಿನ ಕೆಳಗೆ ಏನನ್ನು ತಡೆದು ನಿಲ್ಲಿಸಿದ್ದೆ ಎಂಬುದು ನೀನು ಹೋದಮೇಲೆ ತಿಳಿಯಿತು.

ನಾರ್ವೆಯ ಉತ್ತರಕ್ಕಿರುವ ನಿನ್ನ ದ್ವೀಪಗಳು ಜಗತ್ತಿನ ಸರಾಸರಿಗಿಂತ ಹಲವು ಪಟ್ಟು ವೇಗವಾಗಿ ಬಿಸಿಯಾಗುತ್ತಿವೆ. ನೀನು ಹಿಂದೆ ಸರಿದು ತೆರವಾದ ನೆಲದಲ್ಲಿ ಅಂತರ್ಜಲದ ಬುಗ್ಗೆಗಳು ಎದ್ದಿವೆ. ಚಳಿಗಾಲದಲ್ಲಿ ಆ ನೀರು ಹೊರಬಂದಲ್ಲೇ ಹೆಪ್ಪುಗಟ್ಟುತ್ತದೆ. ಉಪಗ್ರಹದ ಚಿತ್ರಗಳಲ್ಲಿ ಆ ನೀಲಿ ಮಂಜುಗಡ್ಡೆ ಎದ್ದು ಕಾಣುತ್ತದೆ. ಸಂಶೋಧಕಿ ಗೇಬ್ರಿಯೆಲ್ ಕ್ಲೀಬರ್ ಮತ್ತು ಸಂಗಡಿಗರು ಈ ಗುರುತು ಹಿಡಿದು 78 ಹಿಮನದಿಗಳ ಮುಂದಿನ ಬಯಲುಗಳನ್ನು ಶೋಧಿಸಿದರು. ಮಂಜುಗಡ್ಡೆ ಕೊರೆದರೆ ಒಳಗೆ ಗುಳ್ಳೆಗುಳ್ಳೆಯಾಗಿ ಅನಿಲ. ನೂರಕ್ಕೂ ಹೆಚ್ಚು ಬುಗ್ಗೆಗಳ ಪೈಕಿ ಒಂದನ್ನು ಬಿಟ್ಟು ಉಳಿದೆಲ್ಲದರ ನೀರಿನಲ್ಲೂ ಮಿಥೇನ್ ಮಿತಿಮೀರಿತ್ತು. ಸ್ವಾಲ್ಬಾರ್ಡ್‌ನ ಇಂಥ ಬುಗ್ಗೆಗಳಿಂದ ವರ್ಷಕ್ಕೆ 2,000 ಟನ್ನಿಗೂ ಹೆಚ್ಚು ಮಿಥೇನ್ ಗಾಳಿಗೆ ಸೇರುತ್ತಿರಬಹುದೆಂದು ಅವರು 2023ರಲ್ಲಿ ಅಂದಾಜಿಸಿದರು.

ಈ ಅನಿಲದ ಬಹುಪಾಲು ಹುಟ್ಟಿದ್ದು ನಿನಗಿಂತ ಬಹಳ ಹಿಂದೆ. ಕೋಟ್ಯಂತರ ವರ್ಷಗಳ ಹಿಂದಿನ ಜೀವಿಗಳ ಅವಶೇಷ ಷೇಲ್ ಮತ್ತು ಕಲ್ಲಿದ್ದಲಿನ ಪದರಗಳಲ್ಲಿ ಹುದುಗಿ, ಭೂಮಿಯ ಕಾವಿಗೆ ಮಿಥೇನ್ ಆಯಿತು. ನೀನೂ ಹೆಪ್ಪುಗಟ್ಟಿದ ನೆಲವೂ ಸೇರಿ ಅದಕ್ಕೆ ಮುಚ್ಚಳವಾಗಿದ್ದಿರಿ. ನೀನು ಸರಿದ ಜಾಗದಲ್ಲಿ ಅಂತರ್ಜಲ ದಾರಿ ಮಾಡಿಕೊಂಡು, ಅನಿಲವನ್ನು ಹೊತ್ತು ಮೇಲೆ ಬಂತು.

ಗ್ರೀನ್‌ಲ್ಯಾಂಡಿನ ಲೆವೆರೆಟ್ ಹಿಮನದಿಯಡಿ ನಡೆಯುವುದು ಬೇರೆ. ಅಲ್ಲಿ ಆಮ್ಲಜನಕ ಸುಳಿಯದ ಕೆಸರಿನಲ್ಲಿ ಸೂಕ್ಷ್ಮಜೀವಿಗಳೇ ಮಿಥೇನ್ ತಯಾರಿಸುತ್ತವೆ. ಬೇಸಿಗೆಯಲ್ಲಿ ಕರಗಿದ ನೀರು ಅದನ್ನು ಹೊರಗೆ ತರುತ್ತದೆ.

ಜಗತ್ತಿನ ಒಟ್ಟು ಮಿಥೇನ್ ಎದುರು ನಿನ್ನ ಕಣಿವೆಗಳ ಪಾಲು ಅತಿ ಸಣ್ಣದು. ಆದರೂ ನನಗೆ ದಿಗಿಲು. ಈ ಅನಿಲ ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿದಿಡುತ್ತದೆ. ಬಿಸಿ ಏರಿದಷ್ಟೂ ನಿನ್ನ ಬಳಗ ಇನ್ನಷ್ಟು ಹಿಂದೆ ಸರಿಯುತ್ತದೆ, ಹೊಸ ಬುಗ್ಗೆಗಳು ಏಳುತ್ತವೆ. ಅವನ್ನು ಮುಚ್ಚುವ ಉಪಾಯ ಯಾರಲ್ಲೂ ಇಲ್ಲ.

ನಮ್ಮ ಕೈಯಲ್ಲಿರುವ ಮಿಥೇನ್ ಬೇರೆಯೇ ಇದೆ: ತೈಲಬಾವಿಗಳ ಸೋರಿಕೆ, ಕಲ್ಲಿದ್ದಲ ಗಣಿ, ಊರಾಚೆ ಕೊಳೆಯುವ ಕಸದ ರಾಶಿ. ಮಿಥೇನ್ ಗಾಳಿಯಲ್ಲಿ ಉಳಿಯುವುದು ಹನ್ನೆರಡು ವರ್ಷದಷ್ಟೇ. ಇವತ್ತು ತಡೆದರೆ ಫಲವನ್ನು ನಾವೇ ಕಾಣಬಹುದು. 2008ರಿಂದ ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರವೂ ನಿನ್ನ ದ್ವೀಪಸಮೂಹದಲ್ಲೇ ಇದೆ. ಹಾಗಾಗಿ ನಿನ್ನ ಕರಗುವಿಕೆ ದೂರದವರ ಸಂಕಟವೆಂದು ನಾವು ಕೈಚೆಲ್ಲುವಂತಿಲ್ಲ. ನಿನ್ನನ್ನು ಮರಳಿ ತರಲಾರೆವು. ಉಳಿದ ಹಿಮವನ್ನು ಉಳಿಸಿಕೊಳ್ಳಬೇಕಾದರೆ, ನಾವೇ ತೆರೆದಿಟ್ಟ ಸೋರಿಕೆಗಳನ್ನು ಮೊದಲು ಮುಚ್ಚೋಣ.