ನೀಲಿ ಹೊಗೆಯ ಜಾಡು

ಹಳೆಯ ಅಂಬಾಸಿಡರ್ ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಆಗುವಾಗ ಸೈಲೆನ್ಸರಿನಿಂದ ಒಂದಿಷ್ಟು ನೀಲಿ ಹೊಗೆ ಉಗುಳಿತೆಂದರೆ, ದೇಶನೂರಿನಿಂದ ಸಿರುಗುಪ್ಪದವರೆಗೆ ಯಾರನ್ನು ಕೇಳಿದರೂ ಒಂದೇ ತೀರ್ಪು: ‘ಬೋರಿಗೆ ಬಂದೈತ್ರಿ, ಎಂಜಿನ್ ಇಳಿಸ್ರಿ.’ ಆ ತೀರ್ಪಿನ ಮೇಲೆ ಅಪೀಲು ಹೋಗುವುದೇ ನನ್ನ ಹವ್ಯಾಸ.

ಹೊಗೆಗೂ ಹೊತ್ತುಗೊತ್ತು ಇದೆ. ಪಿಸ್ಟನ್ ರಿಂಗ್ ಸವೆದಿದ್ದರೆ ಭಾರ ಎಳೆಯುವಾಗಲೆಲ್ಲ ಹೊಗೆ. ವಾಲ್ವ್ ಸೀಲ್ ಹೋಗಿದ್ದರೆ ರಾತ್ರಿಯೆಲ್ಲ ಗೈಡಿನ ಸಂದಿಯಲ್ಲಿ ಜಿನುಗಿದ ಆಯಿಲ್ ಬೆಳಿಗ್ಗೆ ಒಮ್ಮೆ ಉರಿದು ಮುಗಿಯುತ್ತದೆ. ಆಮೇಲೆ ಕಾರು ಬಹಳ ಸಂಭಾವಿತ. ಇನ್ನೊಂದು ಪರೀಕ್ಷೆ ಇಳಿಜಾರಿನದು. ಎಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ಇಳಿಯುವಾಗ ಇನ್‌ಟೇಕ್ ಕಡೆ ನಿರ್ವಾತ ಹೆಚ್ಚಿ ಆಯಿಲನ್ನು ಒಳಗೆ ಸೆಳೆಯುತ್ತದೆ. ಮತ್ತೆ ಒತ್ತಿದೊಡನೆ ಹಿಂದೆ ನೀಲಿ ಮೋಡ. ಆದರೆ ನಮ್ಮದು ತುಂಗಭದ್ರಾ ಕಾಲುವೆಯ ಭತ್ತದ ಬಯಲು, ಇಳಿಜಾರಿಗೆ ಸಂಡೂರಿನ ಗುಡ್ಡಕ್ಕೇ ಹೋಗಬೇಕು. ಹೊಗೆ ನೋಡಲು ಹೊರಟೆನೆಂದರೆ ಮನೆಯಲ್ಲಿ ಯಾರೂ ಏಳುವುದಿಲ್ಲ. ನಾರಿಹಳ್ಳದ ಡ್ಯಾಂ ಎಂದರೆ ಎಲ್ಲರೂ ಹತ್ತಿ ಕೂರುತ್ತಾರೆ.

ಈ ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ ಬ್ರಿಟಿಷರ ಬಿ-ಸೀರೀಸ್ ವಂಶದ್ದು. 1955ರಲ್ಲಿ ಬಂದ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲಿದ್ದದ್ದೂ ಇದೇ ವಂಶದ, ಇಷ್ಟೇ ಸಿಸಿಯ ಎಂಜಿನ್. ಡಿಕ್ಕಿಯಲ್ಲಿ ಗೊಬ್ಬರದ ಚೀಲ ಹೊತ್ತು ಕುರುಗೋಡಿಗೆ ಹೋಗುವ ಗಾಡಿಗೆ ಇಂಥ ದಾಯಾದಿ ಇದ್ದಾನೆಂದು ನೆನೆದಾಗಲೆಲ್ಲ ನನಗೆ ನಗು.

ಹೆಡ್ ಬಿಚ್ಚದೆ ಸೀಲ್ ಬದಲಿಸುವ ಒಂದು ಉಪಾಯವಿದೆ. ಪ್ಲಗ್ಗಿನ ತೂತಿನಿಂದ ಸಿಲಿಂಡರಿನೊಳಗೆ ನೈಲಾನ್ ಹಗ್ಗ ತುರುಕಿ ಪಿಸ್ಟನ್ನನ್ನು ಮೇಲೆ ತಂದರೆ, ಮುದ್ದೆಯಾದ ಹಗ್ಗ ವಾಲ್ವನ್ನು ಕೆಳಗೆ ಬೀಳದಂತೆ ತಡೆಯುತ್ತದೆ. ಜಾಣತನವೇ ಸರಿ. ಆದರೆ ಈ ಎಂಜಿನ್ನಿನಲ್ಲಿ ರಾಕರ್ ಶಾಫ್ಟ್ ಹಿಡಿದಿರುವ ನಟ್ಟುಗಳಲ್ಲಿ ಕೆಲವು ಹೆಡ್ಡನ್ನೂ ಹಿಡಿದಿವೆ. ಶಾಫ್ಟ್ ತೆಗೆದರೆ ಹೆಡ್ ಗ್ಯಾಸ್ಕೆಟ್ಟಿನ ಬಿಗಿ ತಪ್ಪುತ್ತದೆ. ಹಾಗಾಗಿ ನಾನು ರೇಡಿಯೇಟರ್ ನೀರು ಇಳಿಸಿ ಹೆಡ್ಡನ್ನೇ ಕೆಳಗಿಳಿಸುವವನು. ನಿಜ ಹೇಳಬೇಕೆಂದರೆ, ವಾಲ್ವ್‌ಗಳನ್ನು ಪೇಸ್ಟ್ ಹಚ್ಚಿ ಉಜ್ಜುವ ಸುಖಕ್ಕೂ ಅದೊಂದು ನೆಪ. ಮೊದಲು ಗರಗರ ಎನ್ನುವ ಸದ್ದು ತೆಳುವಾಗುತ್ತಾ ಬಂದು, ಸೀಟಿನ ಸುತ್ತ ಬೂದು ಬಣ್ಣದ ಮುರಿಯದ ಪಟ್ಟಿ ಮೂಡಿತೆಂದರೆ ಮುಗಿಯಿತು.

ಈ ಎಂಜಿನ್ನಿನ ಸೀಲ್ ಈಗಿನ ಕಾರುಗಳಂತೆ ಗೈಡಿನ ಮೇಲೆ ಟೋಪಿ ಹಾಕಿ ಕೂರುವುದಿಲ್ಲ. ವಾಲ್ವಿನ ಕಡ್ಡಿಗೇ ತೊಡಿಸಿ, ಅದರೊಂದಿಗೇ ಏರಿಳಿಯುವ ಸಣ್ಣ ರಬ್ಬರ್ ಉಂಗುರ. ಎಂಜಿನ್ನಿನ ಕಾವು, ಬಿಸಿ ಆಯಿಲ್ ಎಲ್ಲ ತಿಂದು ಗಟ್ಟಿಯಾಗಿ, ಉಗುರು ತಾಗಿಸಿದರೆ ಚೂರಾಗುತ್ತದೆ. ಸ್ಪ್ರಿಂಗ್ ಅದುಮಿ, ಆಯಿಲಿನಲ್ಲಿ ನೆನೆಸಿದ ಹೊಸ ಉಂಗುರ ಇಳಿಸಿ, ಎರಡು ಹೋಳಿನ ಲಾಕ್ ಕೂರಿಸಬೇಕು. ಲಾಕ್ ಹಾರಿತೋ, ಅಂಗಳದ ಕರಿಮಣ್ಣಿನಲ್ಲಿ ಹುಡುಕಾಟ. ಅದಕ್ಕೇ ಕೆಳಗೆ ಬಿಳಿ ಪಂಚೆ ಹಾಸುತ್ತೇನೆ. ಸೀಲ್ ಆಯಿಲನ್ನು ಪೂರ್ತಿ ತಡೆಯಲೂಬಾರದು ಎಂಬುದೇ ನನಗೆ ಇದರಲ್ಲಿ ಬಹಳ ಹಿಡಿಸಿದ ಸಂಗತಿ. ಒಣಗಿದ ಗೈಡಿನಲ್ಲಿ ವಾಲ್ವ್ ಹಿಡಿದುಕೊಳ್ಳುತ್ತದೆ. ಒಂದು ಪಸೆ ಬಿಡಬೇಕು, ಹನಿ ಬಿಡಬಾರದು.

ಹೆಡ್ ಏರಿಸಿದ ಮೇಲೆ ಟ್ಯಾಪೆಟ್. ಇಲ್ಲಿ ಒಂಬತ್ತರ ಲೆಕ್ಕ: ಎಂಟನೆಯ ವಾಲ್ವ್ ಪೂರ್ತಿ ತೆರೆದಾಗ ಒಂದನೆಯದನ್ನು ಸೆಟ್ ಮಾಡು, ಏಳು ತೆರೆದಾಗ ಎರಡನ್ನು, ಆರು ತೆರೆದಾಗ ಮೂರನ್ನು. 0.015 ಇಂಚಿನ ಫೀಲರ್ ಗೇಜ್ ಎಳೆದರೆ ತುಸು ತಡೆದು ಬರಬೇಕು. ಬಿಗಿ ಮಾಡಿ ಸದ್ದಡಗಿಸಿದವನನ್ನು ಜನ ಹೊಗಳುತ್ತಾರೆ. ಅವನ ಎಕ್ಸಾಸ್ಟ್ ವಾಲ್ವ್ ಸುಡುತ್ತದೆ.

ಕಳೆದ ಸಲ ಟ್ಯಾಪೆಟ್ ಕವರ್ ಮುಚ್ಚುತ್ತಿರುವಾಗ ಟ್ರ್ಯಾಕ್ಟರಿನ ಹುಡುಗನೊಬ್ಬ ಗಾಡಿ ನಿಲ್ಲಿಸಿ ಕೇಳಿದ: ‘ಕಾಕಾ, ನಮ್ದೂ ಹೊಗಿ ಬಿಡ್ತೈತಿ, ನೋಡ್ತೀರೇನ್ರಿ?’ ಅದು ಕರಿ ಹೊಗೆ, ಡೀಸೆಲಿಗೆ ಗಾಳಿ ಸಾಲದ ಸಮಾಚಾರ. ‘ಮೊದ್ಲು ಏರ್ ಫಿಲ್ಟರ್ ಬಿಚ್ಚಪ್ಪ’ ಎಂದೆ. ಬಿಚ್ಚಿದ. ಅರ್ಧ ಹೊಲ ಅದರೊಳಗೇ ಇತ್ತು.