ಸಂಬಳವಿಲ್ಲದ ದೊಡ್ಡ ಹೆಸರು

ನಮ್ಮಲ್ಲಿ ಎಂಬಿಬಿಎಸ್ ಮುಗಿಸಿ ಅಮೆರಿಕದಲ್ಲಿ ರೆಸಿಡೆನ್ಸಿ ಮಾಡಬಯಸುವವರಿಗೆ ಹಿಂದೆ ಯುಎಸ್ಎಂಎಲ್ಇ ಮೊದಲ ಹಂತದ ಅಂಕ ದೊಡ್ಡ ಆಸರೆಯಾಗಿತ್ತು. 2022ರ ಜನವರಿಯಿಂದ ಆ ಪರೀಕ್ಷೆಗೆ ಅಂಕವಿಲ್ಲ. ಪಾಸು ಇಲ್ಲವೇ ಫೇಲು, ಅಷ್ಟೆ. ಎರಡನೆಯ ಹಂತದ ಅಂಕ ಉಳಿದಿದೆಯಾದರೂ ರಾಶಿ ಅರ್ಜಿಗಳ ನಡುವೆ ಪರದೇಶದವರು ಕಣ್ಣಿಗೆ ಬೀಳಲು ಇನ್ನೇನಾದರೂ ಬೇಕು. ಹಾಗಾಗಿ ಒಂದೆರಡು ವರ್ಷ ಅಲ್ಲಿನ ಆಸ್ಪತ್ರೆಯಲ್ಲಿ ಸಂಶೋಧನಾ ಸಹಾಯಕರಾಗಿ ದುಡಿದು, ಆಮೇಲೆ ಅರ್ಜಿ ಹಾಕುವವರಿದ್ದಾರೆ. ನಾನೂ ಆ ದಾರಿ ಹಿಡಿದೆ.

ನನಗೆ ಎರಡು ಕಡೆಯಿಂದ ಕರೆ ಬಂದಿತ್ತು. ಒಂದು, ಹೆಸರು ಕೇಳಿದರೆ ನಮ್ಮೂರಿನ ಹಿರಿಯ ವೈದ್ಯರೂ ಹುಬ್ಬೇರಿಸುವ ಸಂಸ್ಥೆ, ಸಂಬಳವಿಲ್ಲ. ಇನ್ನೊಂದು ಸಣ್ಣ ನಗರದ ವಿಶ್ವವಿದ್ಯಾಲಯದ ಆಸ್ಪತ್ರೆ. ಹೊಟ್ಟೆ ಬಟ್ಟೆಗೆ, ಬಾಡಿಗೆಗೆ ಸಾಕಾಗುವಷ್ಟು ಸಂಬಳ. ಸಂಬಳವಿಲ್ಲದೆ ಜೆ-1 ವೀಸಾದಲ್ಲಿ ಹೋಗಬೇಕಾದರೆ ಖರ್ಚಿಗೆ ಹಣವಿದೆಯೆಂದು ಬ್ಯಾಂಕಿನ ದಾಖಲೆ ತೋರಿಸಬೇಕು. "ನಾನು ಗಲ್ಫಿನಲ್ಲಿ ಇನ್ನೆರಡು ವರ್ಷ ನಿಂತರಾಯಿತು, ನೀನು ದೊಡ್ಡದಕ್ಕೇ ಹೋಗು ಮಗಳೇ" ಅಂದರು ಅಬ್ಬ. ಆಗಲೇ ಇಪ್ಪತ್ತಾರು ವರ್ಷ ಅಲ್ಲಿ ಕಳೆದವರು ಅವರು. ಉಮ್ಮ ಮಾತಾಡಲಿಲ್ಲ.

ಎರಡೂ ಕಡೆಗೆ ಒಂದೇ ಪ್ರಶ್ನೆಗಳನ್ನು ಬರೆದು ಕಳುಹಿಸಿದೆ. ನನಗಿಂತ ಮುಂಚೆ ಈ ಕೆಲಸ ಮಾಡಿದವರು ಈಗ ಎಲ್ಲಿದ್ದಾರೆ? ಪ್ರೊಫೆಸರರು ವಾರಕ್ಕೊಮ್ಮೆಯಾದರೂ ಸಿಗುತ್ತಾರೆಯೇ? ನಾನು ಬರೆಯುವ ಲೇಖನದಲ್ಲಿ ನನ್ನ ಹೆಸರಿರುತ್ತದೆಯೇ? ನಿಮ್ಮಲ್ಲಿ ವಿದೇಶಿ ಪದವೀಧರರನ್ನು ರೆಸಿಡೆನ್ಸಿಗೆ ತೆಗೆದುಕೊಳ್ಳುತ್ತೀರಾ? ಸಣ್ಣ ಊರಿನ ಪ್ರೊಫೆಸರರು ಎರಡೇ ದಿನದಲ್ಲಿ ಉತ್ತರಿಸಿ, ಹಿಂದೆ ಕೆಲಸ ಮಾಡಿದ್ದ ಇಬ್ಬರ ಸಂಪರ್ಕವನ್ನೂ ಕೊಟ್ಟರು. ಇನ್ನೊಂದು ಕಡೆಯಿಂದ ಗುಮಾಸ್ತರ ಒಂದು ಸಾಲು ಬಂತು. ನನ್ನ ತೀರ್ಮಾನಕ್ಕೆ ಅಷ್ಟು ಸಾಕಾಯಿತು. ನೆಂಟರಲ್ಲಿ ಕೆಲವರಿಗೆ ಇಂದಿಗೂ ಬೇಸರವಿದೆ. ಮದುವೆ ಮನೆಯಲ್ಲಿ ಹೇಳಿಕೊಳ್ಳಲು ದೊಡ್ಡ ಹೆಸರೇ ಚೆನ್ನ ತಾನೆ!

ಕೆಲಸವೇನೋ ನೀರಸ. ಸಂಶೋಧಕರ ವೀಸಾದಲ್ಲಿ ರೋಗಿಗೆ ಚಿಕಿತ್ಸೆ ನೀಡುವಂತಿಲ್ಲ. ಹಳೆಯ ದಾಖಲೆಗಳನ್ನು ಓದಿ ರೆಡ್‌ಕ್ಯಾಪ್ ಎಂಬ ತಂತ್ರಾಂಶದಲ್ಲಿ ಒಂದೊಂದೇ ಅಂಕಿ ತುಂಬುವುದು, ನೈತಿಕ ಸಮಿತಿಗೆ ಅರ್ಜಿ ಬರೆಯುವುದು. ಆ ಸಮಿತಿಗಳ ಹಿಂದೊಂದು ಕರಾಳ ಕತೆಯಿದೆ. 1932ರಿಂದ 1972ರವರೆಗೆ ಅಲಬಾಮಾದ ಟಸ್ಕೀಗಿಯಲ್ಲಿ ಸಿಫಿಲಿಸ್ ರೋಗವಿದ್ದ ಸುಮಾರು 400 ಮಂದಿ ಕಪ್ಪು ಜನರಿಗೆ ನಿಜ ಹೇಳದೆ, ಪೆನಿಸಿಲಿನ್ ಬಂದ ಮೇಲೂ ಅದನ್ನು ಕೊಡದೆ, ಸರಕಾರಿ ವೈದ್ಯರೇ ರೋಗ ಬೆಳೆಯುವುದನ್ನು ನೋಡುತ್ತಾ ಕುಳಿತಿದ್ದರು. ಅದನ್ನು ತಿಳಿದ ಮೇಲೆ ಪರದೆಯ ಮೇಲಿನ ಪ್ರತಿಯೊಂದು ಅಂಕಿಯೂ ಯಾರದೋ ಅಮಾನತ್ತಾಗಿ ಕಾಣುತ್ತದೆ.

ಹಣ ಕೊಟ್ಟರೆ ಬೇರೆಯವರ ಲೇಖನಕ್ಕೆ ಹೆಸರು ಸೇರಿಸಿಕೊಡುವ ದಲ್ಲಾಳಿಗಳೂ ಇದ್ದಾರೆ. ಇದಕ್ಕೆ ಫತ್ವಾ ಕೇಳುವ ಅಗತ್ಯವಿಲ್ಲ.

ಈ ದಾರಿಗೆ ಬೆಲೆಯೂ ಇದೆ. ಸಂಶೋಧನೆಯ ವರ್ಷ ರೋಗಿಗಳ ನಡುವಿನ ಅನುಭವವೆಂದು ಲೆಕ್ಕಕ್ಕೆ ಬರುವುದಿಲ್ಲ. ಪದವಿ ಪಡೆದು ವರ್ಷಗಳಾದಂತೆ ಅರ್ಜಿಯ ತೂಕ ಇಳಿಸುವ ಆಸ್ಪತ್ರೆಗಳೂ ಇವೆ. ಅದಕ್ಕೇ ಎರಡು ವರ್ಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲವೆಂದು ಪ್ರೊಫೆಸರರಿಗೆ ಮೊದಲೇ ಹೇಳಿದ್ದೇನೆ. ಬರುವ ಸೆಪ್ಟೆಂಬರಿನಲ್ಲಿ ಅರ್ಜಿ, ಮಾರ್ಚಿನಲ್ಲಿ ಫಲಿತಾಂಶ.