ಸೀಗೆಪುಡಿಯಿಂದ ಸೀರಮ್‌ವರೆಗೆ

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಅರ್ಧ ಗಂಟೆ ಅಡ್ಡಾಡಿದರೆ ಸಾಕು, ನಮ್ಮ ಬಚ್ಚಲುಮನೆಯ ನೂರು ವರ್ಷದ ಕತೆ ಸಿಗುತ್ತದೆ. ಕಳೆದ ಭಾನುವಾರ ಏಳನೇ ತರಗತಿಯ ಮೊಮ್ಮಗಳ ಜೊತೆ ಹೊರಟೆ.

ಮೊದಲು ಗ್ರಂಧಿಗೆ ಅಂಗಡಿ. ಸೀಗೆಪುಡಿ, ಅಂಟುವಾಳ, ಚಿಗರೆಪುಡಿ, ಕಸ್ತೂರಿ ಅರಿಶಿನ, ಕಡಲೆಹಿಟ್ಟು.

"ಇದೆಲ್ಲ ಅಡುಗೆಗಾ ಅಜ್ಜಿ?"

"ಕಡಲೆಹಿಟ್ಟು ಬೋಂಡಾಕ್ಕೂ ಆಗತ್ತೆ, ಮೈಗೂ ಆಗತ್ತೆ ಕಣೇ" ಎಂದೆ. ನಮ್ಮ ಕಾಲದಲ್ಲಿ ಹಬ್ಬ ಬಂದರೆ ಮೈಗೆಲ್ಲ ಎಣ್ಣೆ ಹಚ್ಚಿ, ನೆನೆಸಿ, ಹಿಟ್ಟಿನಿಂದ ಉಜ್ಜುತ್ತಿದ್ದರು. ಹಿಟ್ಟು ಜಿಡ್ಡನ್ನು ಹೀರುತ್ತದೆ. ಸೀಗೆ, ಅಂಟುವಾಳದಲ್ಲಿರುವ ಸ್ಯಾಪೊನಿನ್ ನೊರೆ ಬರಿಸಿ ಕೊಳೆ ತೆಗೆಯುತ್ತದೆ.

ಪಕ್ಕದ ದಿನಸಿ ಅಂಗಡಿಯಲ್ಲಿ ಮೈಸೂರು ಸ್ಯಾಂಡಲ್ ಸೋಪು. ಮೊದಲ ಮಹಾಯುದ್ಧದಿಂದಾಗಿ ಮೈಸೂರಿನ ಶ್ರೀಗಂಧ ಹೊರದೇಶಕ್ಕೆ ಹೋಗಲಾಗದೆ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವರು 1916ರಲ್ಲಿ ಗಂಧದೆಣ್ಣೆಯನ್ನು ಇಲ್ಲಿಯೇ ತೆಗೆಸತೊಡಗಿದರು. ಎಸ್.ಜಿ. ಶಾಸ್ತ್ರಿಯವರು ಇಂಗ್ಲೆಂಡಿನಲ್ಲಿ ಸೋಪು ತಯಾರಿಕೆ ಕಲಿತು ಬಂದರು. 1918ರಲ್ಲಿ ಸೋಪು ಹೊರಬಂತು. ಡಬ್ಬಿಯ ಮೇಲಿನ ಶರಭವನ್ನು ನೋಡಿ: ಆನೆಯ ತಲೆ, ಸಿಂಹದ ಮೈ!

ಕೊನೆಗೆ ಗಾಜಿನ ಬಾಗಿಲಿನ ಹೊಸ ಅಂಗಡಿ. ನಯಾಸಿನಮೈಡ್, ರೆಟಿನಾಲ್, ಹಯಲುರಾನಿಕ್ ಆಸಿಡ್ ಎಂದು ಬರೆದ ಪುಟ್ಟ ಸೀಸೆಗಳು. ಮೊಮ್ಮಗಳು ಒಂದನ್ನು ಎತ್ತಿಕೊಂಡಳು. "ಇದು ಹಚ್ಚಿದ್ರೆ ಬೆಳ್ಳಗಾಗ್ತೀನಾ? ಕ್ಲಾಸಲ್ಲಿ ನನ್ನ ಕಪ್ಪು ಅಂತಾರೆ."

ಅಲ್ಲೇ ಪಕ್ಕಕ್ಕೆ ಕರೆದು ಕೂರಿಸಿಕೊಂಡೆ. ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್. ಅದು ಬಿಸಿಲಿಗೆ ಮೈ ಹಿಡಿದಿರುವ ಕೊಡೆ. ನಮ್ಮಂಥ ಬಿಸಿಲಿನ ನಾಡಿನಲ್ಲಿ ಅದು ಹೆಚ್ಚಿರುವುದು ವರವೇ ಹೊರತು ಕೊರತೆಯಲ್ಲ. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ ಕೂಡ 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ತೆಗೆದುಹಾಕಿತು. ಕಂಪನಿಯೇ ಬಿಟ್ಟ ಮಾತನ್ನು ನಾವೇಕೆ ಹಿಡಿದುಕೊಂಡಿರಬೇಕು?

ರೆಟಿನಾಲ್, ಸಿಪ್ಪೆ ಸುಲಿಸುವ ಆಸಿಡ್‌ಗಳು ಮಕ್ಕಳ ಎಳೆ ಚರ್ಮಕ್ಕೆ ಉರಿ ತರಬಲ್ಲವು. ವೈದ್ಯರು ಹೇಳದೆ ಬೇಡ. ಮೃದುವಾದ ಸೋಪು, ಚಳಿಗಾಲಕ್ಕೊಂದು ಮಾಯಿಶ್ಚರೈಸರ್, ಬಿಸಿಲಿಗೆ ಟೋಪಿ, ಸನ್‌ಸ್ಕ್ರೀನ್ ಇದ್ದರೆ ಸಾಕು. ಹಳೆಯದೆಲ್ಲ ಒಗ್ಗುತ್ತದೆ ಎಂದೂ ಅಲ್ಲ. ಅರಿಶಿನ ಕೆಲವರಿಗೆ ತುರಿಕೆ ತರುತ್ತದೆ. ಯಾವುದನ್ನೇ ಆಗಲಿ, ಮೊದಲು ಮೊಳಕೈ ಒಳಬದಿಗೆ ಸ್ವಲ್ಪ ಹಚ್ಚಿ, ಎರಡು ದಿನ ನೋಡಿ.

ಅಜ್ಜ, ಅಜ್ಜಿಯರೇ, ನಮಗೂ ಒಂದು ಕೆಲಸವಿದೆ. ಮಗು ಆಟಕ್ಕೆ ಹೊರಟಾಗ "ಕಪ್ಪಾಗ್ತೀಯ" ಎನ್ನುವ ಬದಲು "ಟೋಪಿ ಹಾಕ್ಕೋ" ಎನ್ನೋಣ.

ಸೀಸೆ ಅಂಗಡಿಯಲ್ಲೇ ಉಳಿಯಿತು. ನಾವು ಕಾಲು ಕೆಜಿ ಸೀಗೆಪುಡಿ, ಒಂದು ಹಳದಿ ಟೋಪಿ ಕೊಂಡೆವು.